ಸ್ವಾಭಾವಿಕ ಮರಣ: ಕಾರಣ ದೃಢೀಕರಿಸುವ ಹೊಣೆ ಯಾರದು?

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಲ್ಲಿ ಊರಿನಿಂದ ಬಂದ ವೃದ್ಧ ತಂದೆತಾಯಿಗಳಿದ್ದಾರೆ. ಅವರನ್ನು ಬಲ್ಲ ವೈದ್ಯರು ಮಾತ್ರ ಕಲಬುರಗಿಯಲ್ಲೋ ಧಾರವಾಡದಲ್ಲೋ ಇರುತ್ತಾರೆ. ಅಂಥ ಹಿರಿಯರು ಮನೆಯಲ್ಲಿಯೇ ತೀರಿಕೊಂಡಾಗ ಮರಣದ ಕಾರಣವನ್ನು ಬರೆದುಕೊಡಬೇಕಾದವರು ಯಾರು? ಕಾನೂನಿನ ಉತ್ತರವನ್ನು ಇಲ್ಲಿ ಸಂಗ್ರಹಿಸಿದ್ದೇವೆ.

1969ರ ಜನನ ಮತ್ತು ಮರಣ ನೋಂದಣಿ ಕಾಯಿದೆಯು ಎರಡು ಹೊಣೆಗಳನ್ನು ಬೇರ್ಪಡಿಸಿದೆ. ಮರಣವನ್ನು ನೋಂದಣಾಧಿಕಾರಿಗೆ ತಿಳಿಸುವುದು ಮನೆಯ ಯಜಮಾನರ ಹೊಣೆ. ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿಯದು. ಕಾರಣವನ್ನು ದೃಢೀಕರಿಸುವುದು ವೈದ್ಯರ ಹೊಣೆ. 10ನೆಯ ಪ್ರಕರಣದಂತೆ, ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ನೀಡಿದ ವೈದ್ಯರು ತಮಗೆ ತಿಳಿದಮಟ್ಟಿಗೆ ಕಾರಣವನ್ನು ಬರೆದು, ಶುಲ್ಕ ಪಡೆಯದೆ ಪ್ರಮಾಣಪತ್ರ ನೀಡತಕ್ಕದ್ದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಇದನ್ನು ಎಲ್ಲ ಆಸ್ಪತ್ರೆಗಳಿಗೂ ಅನ್ವಯಿಸಿ, ಹತ್ತಿರದ ಬಂಧುವಿಗೆ ಪ್ರತಿಯೊಂದನ್ನು ಕೊಡಬೇಕೆಂದಿದೆ.

ಆಸ್ಪತ್ರೆಯ ಮರಣಕ್ಕೆ ನಮೂನೆ 4, ಮನೆಯ ಮರಣಕ್ಕೆ ನಮೂನೆ 4ಎ. 'ಹೃದಯ ನಿಂತಿತು' ಎಂದರೆ ಸಾಲದು; ಅದಕ್ಕೆ ಮೂಲವಾದ ರೋಗವನ್ನು ನಮೂದಿಸಬೇಕು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಮರಣಗಳ ಪೈಕಿ ಶೇ. 22.5ಕ್ಕೆ ಮಾತ್ರ ವೈದ್ಯರು ದೃಢೀಕರಿಸಿದ ಕಾರಣವಿತ್ತು.

ಹಿಂದೆಂದೂ ರೋಗಿಯನ್ನು ನೋಡಿರದ ವೈದ್ಯರಿಗೆ ಈ ಕರ್ತವ್ಯವಿಲ್ಲ. ಅವರು ನಿರಾಕರಿಸಿದರೆ ಅದನ್ನು ನಿರ್ದಯೆಯೆಂದು ಭಾವಿಸಲಾಗದು. ಅಪಘಾತ, ಆತ್ಮಹತ್ಯೆ ಅಥವಾ ಸಂಶಯಾಸ್ಪದ ಮರಣವಾದರೆ ಪೊಲೀಸರಿಗೆ ತಿಳಿಸಬೇಕು; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಪ್ರಕರಣದಂತೆ ವಿಚಾರಣೆ ನಡೆಯುತ್ತದೆ.

ಅಂತ್ಯಕ್ರಿಯೆ ಊರಿನಲ್ಲಿ ನಡೆದರೂ ನೋಂದಣಿ ಮರಣ ಸಂಭವಿಸಿದ ಸ್ಥಳದಲ್ಲಿಯೇ ಆಗಬೇಕು. ಸಿಕಂದರಾಬಾದ್ ದಂಡುಪ್ರದೇಶದ ನಿವಾಸಿಗಳು ದಂಡುಮಂಡಳಿಯನ್ನೂ, ನಗರದ ಉಳಿದವರು ಪಾಲಿಕೆಯನ್ನೂ ಸಂಪರ್ಕಿಸಬೇಕು. ಅವಧಿ 21 ದಿನ. ಆ ಬಳಿಕ 30 ದಿನಗಳವರೆಗೆ ವಿಳಂಬ ಶುಲ್ಕ, ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ, ಅದಕ್ಕೂ ತಡವಾದರೆ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ.

ನೋಂದಣಿ ಕಚೇರಿಯ ಮರಣ ಪ್ರಮಾಣಪತ್ರದಲ್ಲಿ ಕಾರಣವನ್ನು ತೋರಿಸುವಂತಿಲ್ಲ (17ನೆಯ ಪ್ರಕರಣ). ವಿಮಾ ಸಂಸ್ಥೆಗಳು ಕಾರಣ ಕೇಳಿದಾಗ ನೆರವಾಗುವುದು ವೈದ್ಯರ ಪತ್ರದ ಪ್ರತಿಯೇ, ಅದನ್ನು ಜೋಪಾನವಾಗಿಡಬೇಕು.

ನಮ್ಮ ಮನವಿ ಇಷ್ಟೆ: ಮನೆಯ ಹಿರಿಯರನ್ನು ಇಲ್ಲಿಯೇ ಒಬ್ಬ ವೈದ್ಯರಿಗೆ ಆಗಾಗ ತೋರಿಸುತ್ತಿರಿ, ಊರಿನ ಚಿಕಿತ್ಸೆಯ ಕಾಗದಗಳನ್ನು ತರಿಸಿಟ್ಟುಕೊಳ್ಳಿ. ಬದುಕಿರುವಾಗ ಅದು ಆರೈಕೆ. ಅಗಲಿದ ದಿನ ಕುಟುಂಬಕ್ಕೆ ಆಸರೆ.