ಬಿಸಿಲುನಾಡಿನಲ್ಲಿ ಎದೆಹಾಲಿನ ಶೇಖರಣೆ: ಸಂತೆಕಲ್ಲೂರು ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಸಾರಾಂಶ: ಹಿಂಡಿದ ಎದೆಹಾಲನ್ನು ಕಾಪಿಡುವ ಅಂತರರಾಷ್ಟ್ರೀಯ ಸೂಚನೆಗಳಿಗೆ ತಂಪಾದ ಕೋಣೆ, ಕೈಕೊಡದ ಕರೆಂಟು ಎರಡೂ ಆಧಾರ. ಮಸ್ಕಿ ತಾಲ್ಲೂಕಿನ ಸಂತೆಕಲ್ಲೂರಿನಂಥ ಊರಿಗೆ ಅವನ್ನು ಅನ್ವಯಿಸುವ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ.

ಹಿನ್ನೆಲೆ: ಸಿಂಧನೂರು ಸೀಮೆಯ ಭತ್ತದ ನಾಟಿ, ಮಸ್ಕಿ–ಲಿಂಗಸುಗೂರು ಕಡೆಯ ಹತ್ತಿ ಬಿಡಿಸುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳ ದುಡಿಮೆ. ಬಾಣಂತನ ಮುಗಿಸಿ ಹೊಲಕ್ಕೆ ಮರಳುವ ತಾಯಿ ಹಾಲು ಹಿಂಡಿಟ್ಟು ಹೋದರೆ ಕೂಸಿಗೆ ಮೇಲುಹಾಲು ಬೇಕಾಗುವುದಿಲ್ಲ.

ಕಾಲಮಿತಿ: ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ ಆಗ ತಾನೆ ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ 4 ಗಂಟೆ, 4 ಡಿಗ್ರಿಯ ಫ್ರಿಜ್ಜಿನಲ್ಲಿ 4 ದಿನ ಇರಬಲ್ಲದು. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 6 ತಿಂಗಳೊಳಗೆ ಬಳಸುವುದು ಉತ್ತಮ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಉಷ್ಣತೆ ಏರಿದಷ್ಟೂ ಬ್ಯಾಕ್ಟೀರಿಯಾ ಬೇಗ ಬೆಳೆಯುವುದರಿಂದ ಆ 4 ಗಂಟೆಯ ಮಾತು ಇಲ್ಲಿನ ಮಧ್ಯಾಹ್ನಕ್ಕೆ ಹೊಂದದು. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಪೆಟ್ಟಿಗೆಯ ತಂಪು ಬಾಗಿಲು ತೆರೆದಾಗಲೆಲ್ಲ ಏರಿಳಿಯುತ್ತದೆ. ಅದರಲ್ಲಿ ತಿಂಗಳುಗಟ್ಟಲೆ ಇಡುವುದು ತರವಲ್ಲ.

ಕರಗಿಸುವ ಕ್ರಮ: ಹಳೆಯ ಹಾಲನ್ನು ಮೊದಲು ತೆಗೆದು, ರಾತ್ರಿ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಕರಗಿಸಬೇಕು. ಅವಸರವಿದ್ದರೆ ಮುಚ್ಚಿದ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಬಹುದು. ಒಲೆಯ ಮೇಲೆ ಕುದಿಸಿದರೆ ರೋಗನಿರೋಧಕ ಪ್ರೋಟೀನುಗಳು ಹಾಳಾಗುತ್ತವೆ. ಮೈಕ್ರೋವೇವ್‌ನಲ್ಲಿ ಹಾಲು ಅಲ್ಲಲ್ಲಿ ಸುಡುಬಿಸಿಯಾಗಿ ಕೂಸಿನ ಬಾಯಿ ಸುಡಬಹುದು. ಬೇರ್ಪಟ್ಟ ಕೆನೆ ಕೆಟ್ಟಿರುವ ಗುರುತಲ್ಲ. ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಪೂರ್ತಿ ಕರಗಿದ ಹಾಲು ಫ್ರಿಜ್ಜಿನಲ್ಲಿ 24 ಗಂಟೆ, ಹೊರಗೆ ಹೆಚ್ಚೆಂದರೆ 1–2 ಗಂಟೆ ಮಾತ್ರ. ಮತ್ತೆ ಗಟ್ಟಿ ಮಾಡಬಾರದು. ಕರೆಂಟು ಹೋದಾಗ ಬಾಗಿಲು ತೆರೆಯಬಾರದು. ಬಂದ ಮೇಲೆ ಹಾಲಿನಲ್ಲಿ ಮಂಜಿನ ಹರಳು ಉಳಿದಿದ್ದರೆ ಮರಳಿ ಘನೀಕರಿಸಬಹುದು. ಪೂರ್ತಿ ಕರಗಿಯೂ ತಣ್ಣಗಿದ್ದರೆ ಫ್ರಿಜ್ಜಿಗೆ ಇಳಿಸಿ ಮರುದಿನದೊಳಗೆ ಮುಗಿಸಬೇಕು. ಕೂಸು ಕುಡಿದು ಬಿಟ್ಟದ್ದನ್ನು 2 ಗಂಟೆಯ ನಂತರ ಚೆಲ್ಲಬೇಕು.

ಸಾಂಸ್ಥಿಕ ನೆಲೆ: ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಎದೆಹಾಲು ಬ್ಯಾಂಕ್ ಆರಂಭವಾಯಿತು, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ‘ಅಮೃತಧಾರೆ’ 2022ರಲ್ಲಿ ಬಂತು. ಇಂಥಲ್ಲಿ ದಾನಿಗಳ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಅದು ಆಸರೆ. ಮನೆಯ ಶೇಖರಣೆಗೆ ಅದು ಮಾದರಿಯಲ್ಲ.

ನಿಷ್ಕರ್ಷೆ: ಸಂತೆಕಲ್ಲೂರಿನಂಥ ಊರಿನಲ್ಲಿ ತಿಂಗಳ ದಾಸ್ತಾನಿಗಿಂತ ದಿನದ ದಾಸ್ತಾನೇ ಸುರಕ್ಷಿತ. ತೊಳೆದ ಕೈಯಿಂದ, ಕುದಿಸಿದ ಸ್ಟೀಲ್ ಬಟ್ಟಲಿಗೆ ಒಂದು ಹೊತ್ತಿಗಾಗುವಷ್ಟೇ ಹಿಂಡಿ, ಒಳಲೆಯಿಂದ ಬೇಗ ಕುಡಿಸಬೇಕು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಬೇಸಿಗೆಗೆ ತಕ್ಕ ಕಾಲಮಿತಿಯನ್ನು ಕನ್ನಡದಲ್ಲಿ ಅಚ್ಚುಹಾಕಿ ಕೊಡುವುದು ಆರೋಗ್ಯ ಇಲಾಖೆ ಮಾಡಬೇಕಾದ ಮೊದಲ ಕೆಲಸ.