ಪಿಟ್ಯುಟರಿ ಗಡ್ಡೆಗೆ ಕೀಮೋ: ಯಾರಿಗೆ, ಯಾವಾಗ?

ತಲೆಯೊಳಗೆ ಗಡ್ಡೆ ಎಂದ ಕೂಡಲೇ ಮನೆಯವರಿಗೆ ನೆನಪಾಗುವುದು ಕ್ಯಾನ್ಸರ್ ಮತ್ತು ಕೀಮೋ. ಪಿಟ್ಯುಟರಿ ಗಡ್ಡೆಗಳಲ್ಲಿ ಬಹುತೇಕ ಇದು ನಿಜವಲ್ಲ. ಹಾಗೆಂದು "ಈ ಗಡ್ಡೆಗೆ ಕೀಮೋ ನಾಟುವುದೇ ಇಲ್ಲ" ಎನ್ನುವುದೂ ತಪ್ಪು.

ಮೊದಲ ಚಿಕಿತ್ಸೆ ಏನು?

ಪಿಟ್ಯುಟರಿ ಎಂದರೆ ಮಿದುಳಿನ ತಳದಲ್ಲಿರುವ ಬಟಾಣಿ ಕಾಳಿನಷ್ಟು ಗ್ರಂಥಿ. ಇಲ್ಲಿನ ಹೆಚ್ಚಿನ ಗಡ್ಡೆಗಳು ದೇಹದ ಬೇರೆಡೆಗೆ ಹರಡುವುದಿಲ್ಲ. ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೆಚ್ಚಿಸುವ ಗಡ್ಡೆ ಸಾಮಾನ್ಯವಾಗಿ ಕ್ಯಾಬರ್ಗೊಲಿನ್ ಮಾತ್ರೆಗೇ ಕುಗ್ಗುತ್ತದೆ. ಉಳಿದವಕ್ಕೆ ಚಿಕಿತ್ಸೆ ಬೇಕಾದರೆ ಹೆಚ್ಚಾಗಿ ಮೂಗಿನ ಮೂಲಕ ಆಪರೇಷನ್, ಅಗತ್ಯವಿದ್ದರೆ ರೇಡಿಯೇಷನ್.

ಕೀಮೋ ಯಾವಾಗ?

ಇಷ್ಟೆಲ್ಲ ಆದ ಮೇಲೂ ಗಡ್ಡೆ ಬೆಳೆಯುತ್ತಲೇ ಇದ್ದಾಗ. ಇಂಥವರು ಕೆಲವರಷ್ಟೇ. ಅವರಿಗೆ ಕೊಡುವ ಮುಖ್ಯ ಔಷಧ ಟೆಮೊಜೊಲೊಮೈಡ್. ಮಿದುಳಿನ ಬೇರೆ ಗಡ್ಡೆಗಳಿಗೆ ಬಳಸುತ್ತಿದ್ದ ಇದು ಪಿಟ್ಯುಟರಿ ಗಡ್ಡೆಯಲ್ಲೂ ಫಲ ಕೊಟ್ಟ ವರದಿಗಳು 2006ರಲ್ಲಿ ಬಂದವು. 2018ರಲ್ಲಿ ಯುರೋಪಿನ ಹಾರ್ಮೋನ್ ತಜ್ಞರ ಸಂಘ ಇಂಥ ರೋಗಿಗಳಿಗೆ ಮೊದಲ ಕೀಮೋ ಆಗಿ ಇದನ್ನೇ ಶಿಫಾರಸು ಮಾಡಿತು.

ಈ ಔಷಧ ಗಡ್ಡೆಯ ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ. ಎಂಜಿಎಂಟಿ ಎಂಬ ಪ್ರೋಟೀನ್ ಆ ಹಾನಿಯನ್ನು ಸರಿಪಡಿಸುತ್ತದೆ. ಅದು ಹೆಚ್ಚಿರುವ ಗಡ್ಡೆ ಔಷಧಕ್ಕೆ ಬಗ್ಗುವ ಸಾಧ್ಯತೆ ಕಡಿಮೆ. ಅದಕ್ಕೇ ಆಪರೇಷನ್‌ನಲ್ಲಿ ತೆಗೆದ ತುಣುಕನ್ನು ಪರೀಕ್ಷಿಸುತ್ತಾರೆ.

ಎಷ್ಟು ಫಲ?

2018ರಲ್ಲಿ ಪ್ರಕಟವಾದ, 150ಕ್ಕೂ ಹೆಚ್ಚು ರೋಗಿಗಳ ಸಮೀಕ್ಷೆಯಲ್ಲಿ 37% ಜನರ ಗಡ್ಡೆ ಕುಗ್ಗಿತು ಅಥವಾ ಮಾಯವಾಯಿತು. 33% ಜನರಲ್ಲಿ ಬೆಳವಣಿಗೆ ನಿಂತಿತು. 30% ಜನರಲ್ಲಿ ಬೆಳೆಯಿತು. ಕುಗ್ಗಿದ ಗಡ್ಡೆ ಮತ್ತೆ ಬೆಳೆಯಲೂಬಹುದು. ಖಚಿತ ಪರಿಹಾರವಲ್ಲ, ಆದರೆ ಕೈಚೆಲ್ಲಿ ಕೂರುವ ಸ್ಥಿತಿಯೂ ಅಲ್ಲ.

ಮನೆಯವರು ಗಮನಿಸಬೇಕಾದದ್ದು

ಇದು ಕ್ಯಾಪ್ಸೂಲ್. ಸಾಮಾನ್ಯವಾಗಿ 28 ದಿನಗಳಲ್ಲಿ 5 ದಿನ ಮಾತ್ರ, ಮನೆಯಲ್ಲೇ ನುಂಗುವುದು. 3 ಸುತ್ತಿನ ನಂತರ ಸ್ಕ್ಯಾನ್ ಮಾಡಿ ಮುಂದುವರಿಸಬೇಕೇ ಎಂದು ನಿರ್ಧರಿಸುತ್ತಾರೆ. ಸಹಕಾರನಗರದವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಅಥವಾ ಕಿದ್ವಾಯಿ ಊರಿನ ಇನ್ನೊಂದು ದಿಕ್ಕು. ಪ್ರತಿ ಸುತ್ತಿನ ರಕ್ತಪರೀಕ್ಷೆಯನ್ನು ಹತ್ತಿರದ ಲ್ಯಾಬ್‌ನಲ್ಲಿ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಈ ಔಷಧದಿಂದ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯಬಹುದು.

ತಕ್ಷಣ ಆಸ್ಪತ್ರೆಗೆ ಹೋಗಿ:

• ಜ್ವರ ಬಂದರೆ.
• ಇದ್ದಕ್ಕಿದ್ದಂತೆ ವಿಪರೀತ ತಲೆನೋವು ಬಂದರೆ ಅಥವಾ ದೃಷ್ಟಿ ಮಂಜಾದರೆ.
• ಹೈಡ್ರೊಕಾರ್ಟಿಸೋನ್ ಮಾತ್ರೆ ನುಂಗುತ್ತಿರುವವರಿಗೆ ವಾಂತಿಯಾಗಿ ಅದು ಹೊಟ್ಟೆಯಲ್ಲಿ ನಿಲ್ಲದಿದ್ದರೆ. ಆ ಹಾರ್ಮೋನ್ ಕೊರತೆ ಪ್ರಾಣಾಪಾಯ ತರಬಹುದು.

ಕೀಮೋ ಬೇಡ, ಕಷಾಯ ಸಾಕು ಎನ್ನುವ ಫಾರ್ವರ್ಡ್ ನೋಡಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಮೊದಲು ನಿಮ್ಮ ವೈದ್ಯರನ್ನು ಕೇಳಿ.