ಹಿತ್ತಲ ಕೈತೋಟ (ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು)

ಹಿತ್ತಲ ಕೈತೋಟ ಎಂದರೆ ಮನೆಯ ಹಿಂಬದಿಯ ಚಿಕ್ಕ ಜಾಗದಲ್ಲಿ, ಮಾರಾಟಕ್ಕಲ್ಲದೆ ಕುಟುಂಬದ ನಿತ್ಯದ ಅಡುಗೆಗಾಗಿ ಸೊಪ್ಪು, ತರಕಾರಿ ಮತ್ತು ಒಂದೆರಡು ಹಣ್ಣಿನ ಗಿಡಗಳನ್ನು ಬೆಳೆಯುವ ಪದ್ಧತಿ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಇದು ಹಳೆಯ ರೂಢಿ. ಈ ಭಾಗದ ಹೊಲಗಳಲ್ಲಿ ವರ್ಜೀನಿಯಾ ತಂಬಾಕು ಪ್ರಮುಖ ವಾಣಿಜ್ಯ ಬೆಳೆಯಾಗಿರುವುದರಿಂದ ಇಲ್ಲಿನ ಕೈತೋಟಕ್ಕೆ ಬೇರೆಡೆ ಇಲ್ಲದ ಮಹತ್ವವೂ, ಬೇರೆಡೆ ಅಷ್ಟಾಗಿ ಕಾಣದ ತೊಡಕುಗಳೂ ಇವೆ.

ಹಿನ್ನೆಲೆ

ಹುಣಸೂರು ಮತ್ತು ಪಿರಿಯಾಪಟ್ಟಣದ ಮರಳುಮಿಶ್ರಿತ ಕೆಂಪು ಮಣ್ಣು ಹೊಗೆಸೊಪ್ಪಿಗೆ ಹೊಂದುತ್ತದೆ. ತಂಬಾಕು ಸಂಶೋಧನಾ ಕೇಂದ್ರವೊಂದು ಹುಣಸೂರಿನಲ್ಲಿದೆ. 1976ರಲ್ಲಿ ಸ್ಥಾಪನೆಯಾದ ತಂಬಾಕು ಮಂಡಳಿಯ ಹರಾಜು ಕಟ್ಟೆಗಳೂ ಈ ಭಾಗದಲ್ಲಿವೆ. ಬೇಸಿಗೆಯಲ್ಲಿ ಸಸಿಮಡಿ, ಮೇ ತಿಂಗಳ ಸುಮಾರಿಗೆ ನಾಟಿ, ಜುಲೈಯಿಂದ ಎಲೆ ಮುರಿದು ಬ್ಯಾರನ್‌ನಲ್ಲಿ ಹದಗೊಳಿಸುವ ಕೆಲಸ ಎಂಬ ಕ್ರಮದಲ್ಲಿ ವರ್ಷದ ಅರ್ಧಭಾಗ ಕಳೆದುಹೋಗುತ್ತದೆ. ತರಕಾರಿ ಬಿತ್ತನೆಗೆ ಒಳ್ಳೆಯದಾದ ಮುಂಗಾರಿನ ದಿನಗಳೇ ತಂಬಾಕಿನ ಮನೆಗಳಿಗೆ ಬಿಡುವಿಲ್ಲದ ದಿನಗಳು. ಹೀಗಾಗಿ ಎಕರೆಗಟ್ಟಲೆ ಭೂಮಿಯಿದ್ದರೂ ಬದನೆ, ಹುರುಳಿಕಾಯಿಗಳನ್ನು ಸಂತೆಯಿಂದ ತರುವುದು ಇಲ್ಲಿ ವಿರಳವಲ್ಲ. ತಿನ್ನಲಾಗದ ಬೆಳೆ ಹೊಲವನ್ನು ಆವರಿಸಿದ ಮೇಲೆ ತಿನ್ನುವ ಬೆಳೆಗೆ ಉಳಿದದ್ದು ಹಿತ್ತಲು ಮಾತ್ರ. ಅದರ ಆರೈಕೆಯೂ ಬಹುಪಾಲು ಮನೆಯ ಹೆಂಗಸರ ಪಾಲಿಗೇ ಬರುತ್ತದೆ.

ಕೃಷ್ಣರಾಜನಗರದ ಸ್ಥಿತಿ ಬೇರೆ. ಚುಂಚನಕಟ್ಟೆಯ ಬಳಿ ಕಾವೇರಿಗೆ ಕಟ್ಟಿದ ಅಣೆಯ ನಾಲೆಗಳಿಂದ ಅಲ್ಲಿ ಭತ್ತ ಹೆಚ್ಚು. ನಾಲಾ ಬಯಲಿನ ಹಿತ್ತಲುಗಳಲ್ಲಿ ನೀರು ನಿಲ್ಲುವುದೇ ಸಮಸ್ಯೆಯಾದ್ದರಿಂದ ಮಡಿಗಳನ್ನು ಅರ್ಧ ಅಡಿಯಷ್ಟಾದರೂ ಏರಿಸಿ ಕಟ್ಟಬೇಕಾಗುತ್ತದೆ. ಹೆಗ್ಗಡದೇವನಕೋಟೆಯಲ್ಲಿ ಕೆಂಪು ಮಣ್ಣಿನೊಡನೆ ಹತ್ತಿ ಬೆಳೆಯುವ ಕಪ್ಪು ಮಣ್ಣೂ ಇದೆ.

ಜಾಗ ಮತ್ತು ವಿನ್ಯಾಸ

ಒಂದು ಗುಂಟೆ ಎಂದರೆ 1,089 ಚದರ ಅಡಿ. 20 ಅಡಿ ಅಗಲ, 30 ಅಡಿ ಉದ್ದದ ಹಿತ್ತಲು ಅರ್ಧ ಗುಂಟೆಗಿಂತ ತುಸು ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕು. ನಾಲ್ವರ ಕುಟುಂಬಕ್ಕೆ ಇದು ವರ್ಷಕ್ಕೆ 584 ಕಿಲೋ ಆಗುತ್ತದೆ. ಅರ್ಧ ಗುಂಟೆಯಿಂದ ಇದೆಲ್ಲವನ್ನೂ ಪಡೆಯುವ ನಿರೀಕ್ಷೆ ಸರಿಯಲ್ಲ. ಸೊಪ್ಪು, ಬಳ್ಳಿ ತರಕಾರಿ, ಕರಿಬೇವು, ಮೆಣಸಿನಕಾಯಿಗಳನ್ನು ಕೊಳ್ಳುವುದು ತಪ್ಪಿದರೂ ಅದು ಸಣ್ಣ ಲಾಭವಲ್ಲ.

ನುಗ್ಗೆ, ಪಪ್ಪಾಯಿ, ಕರಿಬೇವುಗಳನ್ನು ಉತ್ತರದ ಅಂಚಿನಲ್ಲಿ ನೆಟ್ಟರೆ ಅವುಗಳ ನೆರಳು ಮಡಿಗಳ ಮೇಲೆ ಹೆಚ್ಚಾಗಿ ಬೀಳುವುದಿಲ್ಲ. ಹೀರೆ, ಪಡವಲ, ಹಾಗಲ, ಚಪ್ಪರದವರೆಗಳನ್ನು ಬೇಲಿಗೆ ಅಥವಾ ಚಪ್ಪರಕ್ಕೆ ಹಬ್ಬಿಸುತ್ತಾರೆ. ಕುಂಬಳ, ಸೋರೆಗಳು ದನದ ಕೊಟ್ಟಿಗೆಯ ಮಾಡನ್ನೇ ಏರುತ್ತವೆ. ಮಡಿ 3 ಅಡಿಗಿಂತ ಅಗಲವಾಗಿರದಿದ್ದರೆ ಒಳಗೆ ಕಾಲಿಡದೆ ಎರಡೂ ಬದಿಯಿಂದ ಕಳೆ ಕೀಳಬಹುದು.

ಬಚ್ಚಲ ನೀರು ಬಾಳೆ, ಕೆಸು, ತೆಂಗುಗಳಿಗೆ ಹರಿಯುವಂತೆ ಕಾಲುವೆ ತೆಗೆಯುವುದು ಹಳೆಯ ಕ್ರಮ. ಸಾಬೂನು ಬೆರೆತ ಈ ನೀರನ್ನು ಕೊತ್ತಂಬರಿಯಂತಹ, ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಯಿಸಬಾರದು.

ಬೆಳೆಗಳು ಮತ್ತು ಋತುಮಾನ

ಅಶ್ವಿನಿ, ಭರಣಿ ಮಳೆಗಳು ಬಿದ್ದೊಡನೆ, ಅಂದರೆ ಏಪ್ರಿಲ್‌ ಮಧ್ಯದಿಂದ ಮೇ ಆರಂಭದೊಳಗೆ, ಬಳ್ಳಿ ತರಕಾರಿಗಳ ಬೀಜ ಊರುವುದು ವಾಡಿಕೆ. ದಂಟು, ಕೀರೆಗಳು ಬಿತ್ತಿದ ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಸೊಪ್ಪು ತಪ್ಪುವುದಿಲ್ಲ. ಮಳೆಗಾಲದಲ್ಲಿ ಊರಿದ ಅವರೆ ಚಳಿಗಾಲದಲ್ಲಿ, ಸಂಕ್ರಾಂತಿಯ ಹೊತ್ತಿಗೆ, ಸೊಗಡಿನ ಕಾಯಿ ಕೊಡುತ್ತದೆ. ಬದನೆಯಲ್ಲಿ ಮೈಸೂರಿನ ಈರನಗೆರೆ ತಳಿ ಪ್ರಸಿದ್ಧ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಸುಗುಣ ದಂಟು, ಅರ್ಕಾ ಜಯ್ ಅವರೆ ಕೈತೋಟಕ್ಕೂ ಹೊಂದುವ ತಳಿಗಳು. ಇವು ಹೈಬ್ರಿಡ್ ಅಲ್ಲವಾದ್ದರಿಂದ ಬೀಜ ಉಳಿಸಿಕೊಳ್ಳಬಹುದು.

ಬಿತ್ತದೆ ಹುಟ್ಟುವ ಅಣ್ಣೆ, ಹೊನಗೊನೆ, ಗಣಿಕೆ, ಗೋಳಿ ಸೊಪ್ಪುಗಳನ್ನು ಕಳೆಯೆಂದು ಕಿತ್ತೆಸೆಯುವ ರೂಢಿ ಈಚಿನದು. ಈ ಸೀಮೆಯ ಬಸ್ಸಾರು, ಮಸ್ಸೊಪ್ಪುಗಳ ರುಚಿ ನಿಂತಿರುವುದೇ ಇಂತಹ ಬೆರಕೆ ಸೊಪ್ಪಿನ ಮೇಲೆ.

ತಂಬಾಕಿನ ನೆರೆಯಿಂದ ಬರುವ ತೊಡಕುಗಳು

ತಂಬಾಕು, ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಆದ್ದರಿಂದ ಹೊಲದ ರೋಗ ಹಿತ್ತಲಿಗೆ ಸುಲಭವಾಗಿ ದಾಟುತ್ತದೆ. ಇವುಗಳಲ್ಲಿ ಮುಖ್ಯವಾದುದು ತಂಬಾಕಿನ ಮೊಸಾಯಿಕ್ ನಂಜುರೋಗ. ಎಲೆಗಳಲ್ಲಿ ಹಸಿರು-ಹಳದಿ ಮಚ್ಚೆಗಳು ಮೂಡಿ, ಎಲೆ ಮುದುಡಿ, ಗಿಡ ಕುಗ್ಗುತ್ತದೆ. ಈ ವೈರಾಣು ಒಣಗಿಸಿದ ಎಲೆಯಲ್ಲಿಯೂ ವರ್ಷಗಟ್ಟಲೆ ಜೀವಂತವಿದ್ದು ಸ್ಪರ್ಶದಿಂದಲೇ ಹರಡುತ್ತದೆ. ಬ್ಯಾರನ್‌ ಕೆಲಸ ಮುಗಿಸಿದವರು, ಬೀಡಿ ಸೇದಿದವರು, ಹೊಗೆಸೊಪ್ಪು ಜಗಿಯುವವರು ಕೈಯನ್ನು ಸಾಬೂನಿನಿಂದ ತೊಳೆಯದೆ ಟೊಮೆಟೊ ಸಸಿ ಮುಟ್ಟಬಾರದು. ರೋಗ ತಗುಲಿದ ಗಿಡಕ್ಕೆ ಔಷಧಿಯಿಲ್ಲ, ಕಿತ್ತು ಸುಡಬೇಕು.

ಎರಡನೆಯದು ಬೇರುಗಂಟು ಜಂತುಹುಳು. ಹಗುರ ಮಣ್ಣಿನಲ್ಲಿ ಇದರ ಬಾಧೆ ಹೆಚ್ಚು. ಕಾರಣವಿಲ್ಲದೆ ಹಳದಿಯಾದ ಬೆಂಡೆ ಅಥವಾ ಬದನೆ ಗಿಡವನ್ನು ಕಿತ್ತಾಗ ಬೇರಿನಲ್ಲಿ ಗಂಟುಗಳು ಕಂಡರೆ ಇದೇ ಕಾರಣ. ತಂಬಾಕಿನ ಸಸಿಮಡಿಯ ಮಣ್ಣನ್ನು ಕೈತೋಟಕ್ಕೆ ತಂದು ಹಾಕುವುದು ಇದನ್ನು ಕೈಯಾರೆ ಆಹ್ವಾನಿಸಿದಂತೆ. ಚೆಂಡು ಹೂವಿನ ಬೇರು ಜಂತುಹುಳುವನ್ನು ತಗ್ಗಿಸುತ್ತದೆ. ಮಡಿಗೆ ಬೇವಿನ ಹಿಂಡಿ ಬೆರೆಸುವುದೂ ಉಪಯುಕ್ತ. ಹೊಲದಲ್ಲಿ ತಂಬಾಕಿನ ನಂತರ ರಾಗಿ ಬಿತ್ತುವ ರೂಢಿಯೂ ಇದಕ್ಕೆ ಸಹಕಾರಿ. ಎಲೆ ತಿನ್ನುವ ತಂಬಾಕಿನ ಮರಿಹುಳು ಹೂಕೋಸು, ಟೊಮೆಟೊಗಳಿಗೂ ಬರುತ್ತದೆ. ಹಿತ್ತಲ ಅಂಚಿನಲ್ಲಿ ನಾಲ್ಕಾರು ಹರಳು ಗಿಡಗಳಿದ್ದರೆ ಚಿಟ್ಟೆಗಳು ಅಲ್ಲಿ ಮೊಟ್ಟೆಯಿಡುತ್ತವೆ. ಆ ಎಲೆಗಳನ್ನು ಕಿತ್ತು ನಾಶಮಾಡುವುದು ಸುಲಭ.

ತಂಬಾಕಿನ ಕಷಾಯವನ್ನು ಕೀಟನಾಶಕವಾಗಿ ಸಿಂಪಡಿಸುವ ಪದ್ಧತಿಯೂ ಉಂಟು. ನಿಕೋಟಿನ್ ಮನುಷ್ಯರಿಗೂ ವಿಷವೇ. ಅಡುಗೆಗೆ ಕೊಯ್ಯುವ ಸೊಪ್ಪಿಗೆ ಇದು ಸಲ್ಲದು, ಟೊಮೆಟೊಗೆ ನಂಜುರೋಗ ಅಂಟಿಸುವ ಅಪಾಯವೂ ಇದೆ. ಬೇವಿನ ಬೀಜದ ಕಷಾಯ ಇದಕ್ಕಿಂತ ಉತ್ತಮ. ಬ್ಯಾರನ್‌ನ ಸೌದೆ ಬೂದಿಯನ್ನು ಮಾತ್ರ ಹಿತಮಿತವಾಗಿ ಬಳಸಬಹುದು, ಅದರಲ್ಲಿ ಪೊಟ್ಯಾಷ್ ಇದೆ.

ಕಾಡಂಚಿನ ಹಳ್ಳಿಗಳು

ನಾಗರಹೊಳೆ ರಾಷ್ಟ್ರೀಯ ಉದ್ಯಾನಕ್ಕೆ ತಾಗಿದ ಹುಣಸೂರು ಮತ್ತು ಹೆಗ್ಗಡದೇವನಕೋಟೆಯ ಹಳ್ಳಿಗಳಲ್ಲಿ ಬಾಳೆ, ಹಲಸು ಆನೆಗಳನ್ನು ಸೆಳೆಯುತ್ತವೆ. ಇಂತಹ ಕಡೆ ಮನೆಗೆ ಒತ್ತಿದಂತೆ ಅವುಗಳನ್ನು ಬೆಳೆಸದಿರುವುದು ಕ್ಷೇಮ. ಗೆಣಸಿಗೆ ಹಂದಿಕಾಟ, ಪಪ್ಪಾಯಿಗೆ ಕೋತಿಗಳ ಕಾಟ. ಮೆಣಸಿನಕಾಯಿ, ಹಾಗಲಗಳಿಗೆ ತೊಂದರೆ ಕಡಿಮೆ.

ಬೀಜ ಸಂಗ್ರಹ

ಮೊದಲ ಕೊಯ್ಲಿನ ಒಳ್ಳೆಯ ಕಾಯಿಯೊಂದನ್ನು ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಬೀಜ ತೆಗೆದು ಬೂದಿ ಬೆರೆಸಿ ನೆರಳಿನಲ್ಲಿ ಒಣಗಿಸುತ್ತಾರೆ. ಸೌತೆ, ಕುಂಬಳದ ಬೀಜಗಳನ್ನು ಸಗಣಿಯೊಡನೆ ಗೋಡೆಗೆ ಮೆತ್ತುವುದು, ಒಣಗಿದ ಸೋರೆ ಬುರುಡೆಯಲ್ಲಿ ತುಂಬಿಡುವುದು ಹಿಂದಿನ ಕ್ರಮಗಳು. ಒಂದೇ ಹಿತ್ತಲಲ್ಲಿ ಎರಡು ತಳಿಯ ಹೀರೆ ಬೆಳೆದರೆ ಅಡ್ಡಪರಾಗಸ್ಪರ್ಶದಿಂದ ಬೀಜ ಬೆರಕೆಯಾಗುತ್ತದೆ. ಅವರೆಯಲ್ಲಿ ಸ್ವಪರಾಗಸ್ಪರ್ಶವೇ ಹೆಚ್ಚಾದ್ದರಿಂದ ಈ ಭಯ ಕಡಿಮೆ.

ಶಾಲಾ ಕೈತೋಟ

ಬಿಸಿಯೂಟಕ್ಕೆ ನೆರವಾಗುವಂತೆ ಶಾಲೆಗಳಲ್ಲಿ ಪೌಷ್ಟಿಕ ಕೈತೋಟ ಮಾಡಲು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದಿರುವುದು ಇಂತಹ ತೋಟಗಳ ಮುಖ್ಯ ಅಡಚಣೆ. ನುಗ್ಗೆ, ಕರಿಬೇವು, ಚಕ್ರಮುನಿಯಂತಹ ಬಹುವಾರ್ಷಿಕ ಗಿಡಗಳು ಒಮ್ಮೆ ಬೇರೂರಿದರೆ ಈ ಎರಡು ತಿಂಗಳನ್ನು ಹೆಚ್ಚಿನ ಆರೈಕೆಯಿಲ್ಲದೆ ದಾಟುತ್ತವೆ.